ಮೂರನೇ ಪೆಡಲ್

ಅರ್ಜೆಂಟಪ್ಪನ ಲಾರಿ ಓಡಿಸುವುದು ಅಷ್ಟು ಸುಲಭವಾಗಿರದಿದ್ದರೆ ಅವನಿಗೆ ಈ ಪಾಡು ಬರುತ್ತಿರಲಿಲ್ಲ. ಅದು ಆಟೋಮ್ಯಾಟಿಕ್ ಲಾರಿ. ಕ್ಲಚ್ ಇಲ್ಲ, ಗೇರ್ ಬದಲಿಸುವ ತಾಪತ್ರಯವಿಲ್ಲ. ಒಂದು ಪೆಡಲ್ ಒತ್ತಿದರೆ ಹೋಗುತ್ತಿತ್ತು, ಇನ್ನೊಂದನ್ನು ಒತ್ತಿದರೆ ನಿಲ್ಲುತ್ತಿತ್ತು. ಹಾಗಾಗಿ ಬೀದಿಯವರೆಲ್ಲ ಅದಕ್ಕೆ ಡ್ರೈವರುಗಳೇ. ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಬೇಕಾದವರು ಬಂದು, ಅರ್ಧ ಗಂಟೆಯಲ್ಲಿ ತರುತ್ತೇನೆ ಎಂದು ಹೇಳಿ ತೆಗೆದುಕೊಂಡು ಹೋಗುತ್ತಿದ್ದರು. ಆ ಬೀದಿಯ ಅರ್ಧ ಗಂಟೆ ಮುಗಿಯುವಷ್ಟರಲ್ಲಿ ಸಾಮಾನ್ಯವಾಗಿ ಕತ್ತಲಾಗಿರುತ್ತಿತ್ತು.

ಅರ್ಜೆಂಟಪ್ಪ ಎನ್ನುವುದು ಬೀದಿಯೇ ಇಟ್ಟ ಹೆಸರು. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಮನುಷ್ಯ. ಚಹಾ ಆರುವವರೆಗೆ ಕಾಯಲಾರದೆ ದಿನವೂ ನಾಲಿಗೆ ಸುಟ್ಟುಕೊಳ್ಳುವವನು. ಎಲ್ಲದರಲ್ಲೂ ಅವಸರ, ಒಂದೇ ಒಂದು ಮಾತಿನಲ್ಲಿ ಮಾತ್ರ ನಿಧಾನ. "ಇಲ್ಲ" ಎನ್ನುವ ಎರಡಕ್ಷರ ಅವನ ಗಂಟಲು ದಾಟುವಷ್ಟರಲ್ಲಿ ಲಾರಿ ಬೀದಿಯ ತಿರುವು ದಾಟಿರುತ್ತಿತ್ತು.

ತೆಗೆದುಕೊಂಡು ಹೋದವರಾದರೂ ಸುಮ್ಮನಿರುತ್ತಿದ್ದರೇ? ಸಲೂನಿನವನು ತನ್ನ ಕುರ್ಚಿಗಳನ್ನು ಸಾಗಿಸಿ ತಂದು ನಿಲ್ಲಿಸಿ, ಬ್ರೇಕ್ ಸ್ವಲ್ಪ ಸಡಿಲ ಎಂದು ದೂರು ಹೇಳಿದ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಸೀಟಿನ ಬಣ್ಣ ಕಣ್ಣಿಗೆ ಹೊಡೆಯುತ್ತದೆ ಎಂದರು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕುವ ಜನ. ಇವರೆಲ್ಲರ ಮುಂದಾಳು ಪಕ್ಕದ ಮನೆಯಲ್ಲೇ ಇದ್ದ ಅರ್ಜೆಂಟಪ್ಪನ ಬಾಮೈದ. ಅಕ್ಕನ ಮನೆಯ ಲಾರಿ ಎಂದರೆ ತನ್ನ ಕಾಲಿನ ಚಪ್ಪಲಿ ಎಂದೇ ಅವನು ತಿಳಿದಿದ್ದ.

ಹೀಗೆ ಲಾರಿ ಕೈಗೆ ಸಿಗದೆ ಪೀಠೋಪಕರಣದ ಅಂಗಡಿಯ ಕೆಲಸ ಎರಡು ಸಲ ತಪ್ಪಿತ್ತು. ಅಂಗಡಿಯ ಮ್ಯಾನೇಜರ್ ಕೊನೆಯ ಮಾತು ಹೇಳಿದ್ದ. ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ಲಾರಿ ಬಂದು ನಿಂತರೆ ದಿನವೂ ಅವನಿಗೇ ಕೆಲಸ, ಬಾರದಿದ್ದರೆ ಬೇರೆ ಲಾರಿ. ಅಂದಿನಿಂದ ಅರ್ಜೆಂಟಪ್ಪನಿಗೆ ನಿದ್ದೆಯಿಲ್ಲ. ತನ್ನ ಬಾಯಿಗೆ ಬಾರದ "ಇಲ್ಲ"ವನ್ನು ಲಾರಿಯ ಬಾಯಲ್ಲೇ ಹೇಳಿಸುವುದೆಂದು ತೀರ್ಮಾನಿಸಿದ. ಹಿಂದೆ ಹತ್ತು ವರ್ಷ ಬೇರೆಯವರ ಗೇರ್ ಲಾರಿ ಓಡಿಸಿದವನು ಅವನು. ಆಟೋಮ್ಯಾಟಿಕ್ ಕಿತ್ತು ಕೈಯಲ್ಲಿ ಹಾಕುವ ಗೇರ್ ಕೂರಿಸಿದರೆ ಈ ಒಂಟಿಕಾಲಿನ ಡ್ರೈವರುಗಳ ಕಾಟ ತಪ್ಪುತ್ತದೆ ಎಂದು ಲೆಕ್ಕ ಹಾಕಿದ.

"ಬಾಯಲ್ಲಿ ಒಂದು ಮಾತು ಹೇಳಿದ್ರೆ ಮುಗಿಯೋದಕ್ಕೆ ಆ ಲಾರಿ ಹೊಟ್ಟೆ ಯಾಕ್ರೀ ಕೊಯ್ಸ್ತೀರಾ?" ಎಂದಳು ಹೆಂಡತಿ. ಅದು ಅವನಿಗೆ ಕೇಳಿಸಲಿಲ್ಲ, ಆಗಲೇ ಗ್ಯಾರೇಜಿನ ಅರ್ಧ ದಾರಿಯಲ್ಲಿದ್ದ.

ಶುಕ್ರವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ಕ್ಲಚ್ ಒಂದು ಬಿಟ್ಟು ಉಳಿದ ಕೆಲಸವೆಲ್ಲ ಆಗಿತ್ತು. ಮೇಸ್ತ್ರಿ ಮೂರು ದಿನ ಕೂತು ಹಳೆಯದನ್ನು ಇಳಿಸಿ, ಗುಜರಿಯಿಂದ ತಂದ ಗೇರ್‌ಬಾಕ್ಸ್ ಹೊಂದಿಸಿ, ನೆಲ ಕೊರೆದು ಗೇರಿನ ಕೋಲು ನಿಲ್ಲಿಸಿ, ಎಡಗಡೆಗೆ ಮೂರನೇ ಪೆಡಲ್ ಕೂರಿಸಿದ್ದ. ಈಗ ಹಳೇ ಗೋಣಿಚೀಲದ ಮೇಲೆ ಮೂರು ಕ್ಲಚ್ ಸೆಟ್ಟು ಹರಡಿಟ್ಟು ವಿವರಿಸಿದ. ಮೊದಲನೆಯದು ಮೆತ್ತಗೆ, ಬೆರಳಲ್ಲಿ ಒತ್ತಿದರೂ ಹೋಗುತ್ತದೆ, ಆದರೆ ಬೇಗ ಸವೆಯುತ್ತದೆ. ಎರಡನೆಯದು ಮಧ್ಯಮ, ಇವನ ಹೊರೆಗೆ ಹೇಳಿ ಮಾಡಿಸಿದ್ದು. ಮೂರನೆಯದು ಕಲ್ಲು ಹೊರುವ ಲಾರಿಯದು, ಅದರ ಸ್ಪ್ರಿಂಗ್ ಅದುಮುವುದೆಂದರೆ ಗೋಡೆ ತಳ್ಳಿದಂತೆ.

ಅರ್ಜೆಂಟಪ್ಪ ಎರಡನೆಯದಕ್ಕೆ ಕೈ ಹಾಕುವವನೇ ಇದ್ದ. ಅಷ್ಟರಲ್ಲಿ ಬೀದಿ ಬಂತು. ಮುಂದೆ ಬಾಮೈದ, ಹಿಂದೆ ಮೇಷ್ಟ್ರು, ಅವರ ಹಿಂದೆ ಸಲೂನಿನವನು, ಅವನ ಹಿಂದೆ ಒಂದು ಕೆನ್ನೆಗೆ ಸೋಪು ಬಳಿಸಿಕೊಂಡ ಅವನ ಗಿರಾಕಿ. ಉಳಿದ ಕೆನ್ನೆಯ ಗತಿಯೇನು ಎಂದು ತಿಳಿಯುವವರೆಗೆ ಆ ಮನುಷ್ಯ ಬೇರೆಲ್ಲಿಗೆ ಹೋದಾನು?

ಎಲ್ಲರೂ ಬಗ್ಗಿ ಮೂರು ಕ್ಲಚ್ಚನ್ನೂ ಮುಟ್ಟಿ ನೋಡಿದರು. ಮೆತ್ತಗಿನದೇ ಶ್ರೇಷ್ಠ ಎಂದು ಮೇಷ್ಟ್ರು ಪಾಠ ಮಾಡಿದರು. ತನ್ನ ಮಂಡಿನೋವಿಗೂ ಅದೇ ಒಳ್ಳೆಯದು ಎಂದ ಸಲೂನಿನವನು ತಕ್ಷಣ ನಾಲಿಗೆ ಕಚ್ಚಿಕೊಂಡ. ಬಾಮೈದನಿಗೆ ಆ ಸಂಕೋಚವೂ ಇರಲಿಲ್ಲ.

"ಮೆತ್ತಗಿರೋದೇ ಹಾಕ್ಸಿ ಭಾವ. ನಾನು ಎರಡು ದಿನದಲ್ಲಿ ಕಲ್ತ್ಕೊಂಡ್ಬಿಡ್ತೀನಿ. ಇವರಿಬ್ಬರಿಗೆ ಆಮೇಲೆ ನಾನೇ ಕಲಿಸ್ತೀನಿ."

ಅರ್ಜೆಂಟಪ್ಪನ ಬೆರಳು ತಾನಾಗಿಯೇ ಮೂರನೆಯದರ ಕಡೆ ತಿರುಗಿತು.

"ಮೇಸ್ತ್ರಿ, ಇದು."

"ಅದು ಕಲ್ಲಿನ ಲಾರಿದು ಸ್ವಾಮಿ. ನೀವು ಹೊರೋದು ಮಂಚ, ಕುರ್ಚಿ."

"ಗಟ್ಟಿ ಇರಲಿ."

"ಕ್ಲಚ್ಚು ಗಟ್ಟಿನೇ. ನಿಮ್ಮ ಕಾಲು?"

ಅವನು ಆ ಕ್ಲಚ್ಚನ್ನೇ ಎತ್ತಿ ಮೇಸ್ತ್ರಿಯ ಕೈಗಿಟ್ಟ. ಮೇಸ್ತ್ರಿ ಲಾರಿಯಡಿ ತೂರಿಕೊಂಡ. ಅರ್ಜೆಂಟಪ್ಪ ಗ್ಯಾರೇಜಿನ ಬಾಗಿಲಿಗೂ ಗಡಿಯಾರಕ್ಕೂ ನಡುವೆ ಓಡಾಡಿದ, ಬೇಡದ ಸ್ಪ್ಯಾನರ್ ತಂದುಕೊಟ್ಟು ಬೈಸಿಕೊಂಡ, ಹನ್ನೆರಡು ಸಲ ಆಯಿತೇ ಎಂದು ಕೇಳಿದ. ಮೂರೂಕಾಲಿಗೆ ಆಯಿತು.

ಆಗ ಮೂವರೂ ಒಂದೊಂದು ಕೈ ನೋಡುತ್ತೇವೆಂದು ಹತ್ತಿದರು. ಸಲೂನಿನವನು ಒತ್ತಿದಾಗ ಪೆಡಲ್ ಕೆಳಗೆ ಹೋಗಲಿಲ್ಲ, ಅವನೇ ಸೀಟಿನಿಂದ ಮೇಲೆದ್ದ. ಮೇಷ್ಟ್ರು ಎರಡೂ ಕಾಲು ಸೇರಿಸಿ ಒತ್ತಿದರು, ಅವರ ಕನ್ನಡಕ ಜಾರಿತು. ಬಾಮೈದ ಹಲ್ಲು ಕಚ್ಚಿ ಒತ್ತಿ, ಬಿಟ್ಟ ಕೂಡಲೇ ಲಾರಿ ಕಪ್ಪೆಯಂತೆ ಒಮ್ಮೆ ನೆಗೆದು ಆರಿಹೋಯಿತು.

ಇಳಿದ ಬಾಮೈದ ಗೊಣಗಲಿಲ್ಲ. ಬಹಳ ಗೌರವದಿಂದ, "ಇದು ನಿಮ್ಮೊಬ್ಬರ ಕೈಲಿ ಮಾತ್ರ ಆಗೋದು ಭಾವ," ಎಂದ. ಮೂವರೂ ತಲೆ ತಲೆ ಸೇರಿಸಿಕೊಂಡು ಮಾತಾಡುತ್ತ ಬೀದಿಯ ಕಡೆ ನಡೆದರು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅರ್ಜೆಂಟಪ್ಪನಿಗೆ ಗೆದ್ದ ಸುಖ ಸಿಕ್ಕಿತು.

ಸುಖ ಮೊದಲ ಸಿಗ್ನಲ್ಲಿನವರೆಗೆ ಬಾಳಿತು. ಅಲ್ಲಿ ಅವನಿಗೆ ತನ್ನ ಎಡಗಾಲು ವರ್ಷಗಟ್ಟಲೆ ಕೂತು ಉಂಡ ಕಾಲು ಎಂಬುದು ನೆನಪಾಯಿತು. ಪ್ರತಿ ಸಲ ಒತ್ತುವಾಗ ಸ್ಟಿಯರಿಂಗ್ ಹಿಡಿದು ಬೆನ್ನನ್ನು ಸೀಟಿಗೆ ಆನಿಸಿ ಇಡೀ ಮೈಯನ್ನೇ ಕಾಲಿಗಿಳಿಸಬೇಕಾಯಿತು. ಇರಲಾರದೆ ಇರುವೆ ಬಿಟ್ಟುಕೊಂಡೆನಲ್ಲ ಎಂದು ಮೂರನೇ ಸಿಗ್ನಲ್ಲಿನಲ್ಲಿ ಅನ್ನಿಸಿತು. ಆದರೂ ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಲಾರಿ ಅಂಗಡಿಯ ಮುಂದೆ ನಿಂತಿತ್ತು. ಗಾಜಿನ ಬಾಗಿಲ ಬೀರು, ಎರಡು ಮಂಚ ಒಂದು ಗೀರೂ ಬೀಳದೆ ತಲುಪಿದವು. ಮ್ಯಾನೇಜರ್ ಮೆಚ್ಚಿ, ನಾಳೆಯಿಂದ ದಿನಾ ನಾಲ್ಕಕ್ಕೆ, ತಪ್ಪಿದರೆ ನನ್ನನ್ನು ಕೇಳಬೇಡ ಎಂದ.

ಏಳು ಗಂಟೆಗೆ ಬೀದಿಗೆ ಬಂದು ಇಳಿದಾಗ ಎಡಗಾಲು ಮಡಚಿಕೊಂಡಿತು. ಗೋಡೆ ಹಿಡಿದು ಕುಂಟುತ್ತ ಬಂದ. ಆದರೆ ಕೀಲಿ ಜೇಬಿನಲ್ಲಿತ್ತು, ಕೆಲಸ ಕೈಯಲ್ಲಿತ್ತು. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬ ಸಂತೋಷದಿಂದ ಕಣ್ಣು ಒದ್ದೆಯಾಯಿತು.

ಒಳಗೆ ಮೂವರೂ ಕೂತಿದ್ದರು. ಕೀಲಿಯ ಮೊಳೆಗೆ ಒಂದು ದೊಡ್ಡ ಡ್ರಾಯಿಂಗ್ ಹಾಳೆ ತೂಗುತ್ತಿತ್ತು. ಮೇಷ್ಟ್ರ ಅಂದವಾದ ಅಕ್ಷರ, ಗೆರೆ ಹಾಕಿದ ಚೌಕದ ಮನೆಗಳು, ವಾರದ ಏಳು ದಿನ. ತಲೆಬರಹ: "ಲಾರಿ ಮತ್ತು ಡ್ರೈವರ್". ಬಾಮೈದ ವಿವರಿಸಿದ. ಇನ್ನು ಮೇಲೆ ತಮಗಂತೂ ಓಡಿಸಲಾಗದು, ಹಾಗಾಗಿ ಭಾವನೇ ಬರುವುದು. ಒಂದೇ ಹೊತ್ತಿಗೆ ಇಬ್ಬರು ಕರೆದು ಭಾವನಿಗೆ ತೊಂದರೆ ಆಗಬಾರದು, ಅದಕ್ಕೇ ಈ ಪಟ್ಟಿ. ಶನಿವಾರ, ನಾಲ್ಕು ಗಂಟೆಯ ಮನೆಯಲ್ಲಿ "ಮೇಷ್ಟ್ರ ಬೀರು" ಎಂದಿತ್ತು.

ಕಾಲುನೋವು ಎನ್ನೋಣವೆಂದು ಅವನು ಬಾಯಿ ತೆರೆಯುವ ಮೊದಲೇ ಸಲೂನಿನವನು ಎಣ್ಣೆಯ ಬಟ್ಟಲು ಹಿಡಿದು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜತೊಡಗಿದ್ದ. ಹೆಂಡತಿ ಗಂಡನನ್ನೇ ನೋಡುತ್ತಿದ್ದಳು. "ಈಗಲಾದ್ರೂ ಹೇಳ್ರೀ," ಎಂದಳು.

ಅರ್ಜೆಂಟಪ್ಪ ಕಣ್ಣು ಮುಚ್ಚಿ ಮ್ಯಾನೇಜರನ್ನು ನೆನೆದ. ಉಸಿರು ಎಳೆದುಕೊಂಡ. "ಮೇಷ್ಟ್ರೇ, ನಾಲ್ಕಕ್ಕೆ ಆಗಲ್ಲ," ಎಂದ.

ಸಲೂನಿನವನ ಕೈ ನಿಂತಿತು. ಹೆಂಡತಿಯ ಮುಖ ಅರಳಿತು. ಮೇಷ್ಟ್ರ ಮುಖ ಸಣ್ಣದಾಯಿತು. ಆ ಸಣ್ಣ ಮುಖವನ್ನು ಅರ್ಜೆಂಟಪ್ಪ ನೋಡಬಾರದಿತ್ತು, ನೋಡಿಬಿಟ್ಟ.

"ಮೂರಕ್ಕೇ ಹೊರಟ್ಬಿಡೋಣ," ಎಂದ.

ಮೇಷ್ಟ್ರು ರಬ್ಬರ್ ತೆಗೆದು ನಾಲ್ಕರ ಮನೆಯನ್ನು ಅಳಿಸಿ, ಬೀರುವನ್ನು ಮೂರಕ್ಕೆ ಬರೆದರು. ಖಾಲಿಯಾದ ನಾಲ್ಕರಲ್ಲಿ ಸಲೂನಿನವನು ತನ್ನ ಕುರ್ಚಿಗಳನ್ನು ಬರೆಸಿಕೊಂಡ.