ನಲವತ್ತೆಂಟಕ್ಕೆ ಆರು

ಎಂದಿನಂತೆ ಸುಳ್ಳು ಬರೆದಿದ್ದರೆ ವೆಂಡೆಲ್ ಸ್ಟ್ರಾಂಡ್‌ಗೆ ಆ ಗುರುವಾರ ಏನೂ ಆಗುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಅವನು ಪ್ರತಿ ಗುರುವಾರ ನಮ್ಮೂರಿನ ‘ಸೆಂಟಿನೆಲ್’ ಪತ್ರಿಕೆಯಲ್ಲಿ ಶನಿವಾರದ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಮುನ್ನೋಟ ಬರೆಯುತ್ತಿದ್ದ. ಎದುರಾಳಿ ಯಾರು, ಅವರ ಬಲವೇನು, ನಮ್ಮ ಹೊಲ್ಡೆನ್ ಕ್ರೀಕ್ ಕಾಲೇಜಿನ ಹುಡುಗರಲ್ಲಿ ಯಾರ ಮೊಣಕಾಲು ಊದಿದೆ ಎಂದೆಲ್ಲ ವಿವರಿಸಿ, ಕೊನೆಯ ಸಾಲಿನಲ್ಲಿ ಯಾರಿಗೆ ಎಷ್ಟು ಅಂಕ ಎಂದು ಭವಿಷ್ಯ ಹೇಳಬೇಕು. ಹನ್ನೊಂದು ವರ್ಷವೂ ಆ ಸಾಲು ಬದಲಾಗಿರಲಿಲ್ಲ. ಹೋರಾಟ ಬಿಗಿ, ಆದರೆ ಗೆಲುವು ನಮ್ಮದೇ, ಮೂರು ಅಂಕದಿಂದ. ಶನಿವಾರ ನಾವು ಸೋಲುತ್ತಿದ್ದೆವು. ಮುಂದಿನ ಗುರುವಾರ ಅವನು ಮತ್ತೆ ಅದನ್ನೇ ಬರೆಯುತ್ತಿದ್ದ. ಇದರಿಂದ ಯಾರಿಗೂ ಬೇಸರವಿರಲಿಲ್ಲ.

ಈ ಸಲದ ಎದುರಾಳಿ ಗ್ರೇಸನ್ ಸ್ಟೇಟ್. ಅವರು ಏಳು ಆಡಿ ಏಳನ್ನೂ ಗೆದ್ದವರು, ನಾವು ಏಳು ಆಡಿ ಏಳನ್ನೂ ಸೋತವರು. ಬುಧವಾರ ಮಧ್ಯಾಹ್ನ ವೆಂಡೆಲ್ ಹಲ್ಲುನೋವಿನ ಕೆನ್ನೆಗೆ ಐಸ್ ಒತ್ತಿಕೊಂಡು ಗ್ರೇಸನ್ ಪಂದ್ಯಗಳ ವಿಡಿಯೊ ನೋಡುತ್ತ ಕೂತ. ಅವರ ಎಪ್ಪತ್ತೇಳನೇ ನಂಬರಿನ ಹುಡುಗ ಮುನ್ನೂರ ಮೂವತ್ತು ಪೌಂಡು ತೂಗುತ್ತಿದ್ದ. ಚೆಂಡು ಹಿಡಿದು ಓಡುವವನನ್ನೂ ಅವನನ್ನು ಕಾಯಲು ಬಂದವನನ್ನೂ ಒಟ್ಟಿಗೆ ಎತ್ತಿ, ಹೂಕುಂಡ ಸರಿಸಿಡುವ ಹಾಗೆ ಗೆರೆಯ ಆಚೆ ಇಟ್ಟು ಬರುತ್ತಿದ್ದ. ಇದನ್ನು ನಾಲ್ಕು ಗಂಟೆ ನೋಡಿದ ಮೇಲೆ ವೆಂಡೆಲ್‌ಗೆ ಸುಳ್ಳು ಬರೆಯಲು ಕೈ ಏಳಲಿಲ್ಲ. ‘ಗ್ರೇಸನ್ 48, ಹೊಲ್ಡೆನ್ ಕ್ರೀಕ್ 6’ ಎಂದು ಬರೆದು ಕಳಿಸಿದ. ಆ ಆರನ್ನೂ ದಾಕ್ಷಿಣ್ಯಕ್ಕೆ ಕೊಟ್ಟಿದ್ದ.

ಬೇರೆ ಯಾರಾದರೂ ಬರೆದಿದ್ದರೆ ಮಾತು ಬೇರೆ. ನಮ್ಮ ತಂಡದ ಕೋಚ್ ಕರ್ಟ್ ಬೊಗಾರ್ಡ್ ವೆಂಡೆಲ್‌ನ ಹೆಂಡತಿ ಕಾರ್ಲೀನ್‌ಳ ಸ್ವಂತ ತಮ್ಮ. ಶನಿವಾರ ಕಾಲೇಜಿನ ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಬರುವ ದಿನ. ಅವರೆದುರೂ ಸೋತರೆ ಸೋಮವಾರ ಬೇರೆ ಕೋಚನ್ನು ಹುಡುಕುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿಯಾಗಿತ್ತು. ಕೆಲಸದ ಜೊತೆ ಕಾಲೇಜು ಕೊಟ್ಟ ಮನೆಯೂ ಹೋಗುತ್ತದೆ. ಆಗ ಕರ್ಟ್, ಅವನ ಹೆಂಡತಿ, ನಾಲ್ಕು ಮಕ್ಕಳು ಎರಡು ನಾಯಿಗಳ ಸಮೇತ ಎಲ್ಲಿಗೆ ಬರುತ್ತಾರೆಂದು ವೆಂಡೆಲ್ ಕೇಳಬೇಕಾಗಿರಲಿಲ್ಲ. ಕಾರ್ಲೀನ್ ತನ್ನದೇ ಮನೆಯ ನೆಲಮಾಳಿಗೆಯನ್ನು ಆಗಲೇ ಎರಡು ಸಲ ಟೇಪು ಹಿಡಿದು ಅಳೆದಿದ್ದಳು.

ಗುರುವಾರ ಬೆಳಿಗ್ಗೆ ಅವಳು ಪತ್ರಿಕೆ ಬಿಡಿಸಿದಳು. ಅವಳು ಗಂಡನ ಬರಹವನ್ನು ಕೊನೆಯ ಸಾಲಿನಿಂದಲೇ ಓದುವವಳು.

“ನನ್ನ ತಮ್ಮನ ಕೆಲಸ ಕಳೆಯೋಕೆ ಗ್ರೇಸನ್ನವರು ಇದ್ದಾರಲ್ಲ, ನಿನಗೇನಪ್ಪ ಅವಸರ?”

“ಇರೋದನ್ನ ಬರ್ದೆ ಕಾರ್ಲೀನ್.”

“ಹನ್ನೊಂದು ವರ್ಷ ಇಲ್ಲದ್ದನ್ನ ಬರ್ಕೊಂಡು ಬಂದೆ. ಇನ್ನೊಂದು ವಾರ ಬರ್ದಿದ್ರೆ ಬೆರಳು ಸವೆದುಹೋಗ್ತಿತ್ತಾ?”

ಅಷ್ಟು ಹೇಳಿ ಅವಳು ಅವನ ಮುಂದಿದ್ದ ಮೊಟ್ಟೆಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ತಿಂದು ಮುಗಿಸಿದಳು.

ಹೊರಗೆ ಬಂದರೆ ಪಕ್ಕದ ಮನೆಯ ಇಡೆಲ್ಲಾ ಕ್ರೌಸ್ ಅಜ್ಜಿ ಅಂಗಳದಲ್ಲಿ ಉದುರಿದ ಎಲೆ ಬಾಚುತ್ತಿದ್ದಳು. ಎಂಬತ್ತು ದಾಟಿದ ಜೀವ, ನೆಟ್ಟಗೆ ನಿಲ್ಲಲಾರಳು. ವೆಂಡೆಲ್‌ನನ್ನು ನೋಡಿದ್ದೇ ಅವಳು ಬಾಚುವ ದಿಕ್ಕು ಬದಲಿಸಿದಳು. ಬೆಳಗಿನಿಂದ ಕೂಡಿಟ್ಟ ರಾಶಿಯೆಲ್ಲ ಒಂದೊಂದೇ ಎಳೆತಕ್ಕೆ ಅವನ ಹುಲ್ಲಿನ ಮೇಲೆ ಬಂದು ಬಿತ್ತು. ತನ್ನ ಗಂಡ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುವಾಗಲೂ ರೇಡಿಯೊದಲ್ಲಿ ಈ ತಂಡದ ಆಟ ಕೇಳುತ್ತಿದ್ದರೆಂದೂ, ಆ ಸ್ಥಿತಿಯಲ್ಲೂ ಅವರ ಬಾಯಲ್ಲಿ ಇಂಥ ಮಾತು ಬರಲಿಲ್ಲವೆಂದೂ ಅವಳು ಅವನಿಗೆ ತಿಳಿಸಿದಳು. ವೆಂಡೆಲ್ ಕ್ಷಮೆ ಕೇಳಿದ. ಯಾಕೆ ಕೇಳಿದನೆಂದು ಅವನಿಗೂ ಗೊತ್ತಿರಲಿಲ್ಲ.

ಹಸಿವು ಹೊಟ್ಟೆಯನ್ನು ಹಿಂಡುತ್ತಿತ್ತು. ಗುರುವಾರ ರೊವೀನಾಳ ಹೋಟೆಲಿನಲ್ಲಿ ‘ಚಿಲ್ಲಿ’ ಎಂಬ ರಾಜ್ಮಾ–ಮಾಂಸದ ಖಾರದ ಸಾರು, ಅದರ ಜೊತೆಗೆ ದಾಲ್ಚಿನ್ನಿಯ ಸಿಹಿ ರೋಲ್. ನಮ್ಮ ಕಡೆ ಇವೆರಡನ್ನೂ ಒಟ್ಟಿಗೇ ತಿನ್ನುವುದು, ಬೇರೆಯವರು ನಗಲಿ ಬಿಡಿ. ಅವನ ಹಲ್ಲಿಗೆ ಒಗ್ಗುವ ಪದಾರ್ಥ ಆ ಮೆತ್ತಗಿನ ರೋಲ್ ಒಂದೇ. ರೋಲ್ ಮುಗೀತು ಎಂದಳು ರೊವೀನಾ. ಅವಳ ಬೆನ್ನ ಹಿಂದೆ ದೊಡ್ಡ ತಟ್ಟೆಯ ತುಂಬ ಎರಡು ಡಜನ್ ರೋಲುಗಳು ಹಬೆಯಾಡುತ್ತಿದ್ದವು. ಮೂಲೆಯ ಮೇಜಿನಲ್ಲಿ ದಿನಾ ಕಾಫಿಗೆ ಕೂರುವ ನಿವೃತ್ತರ ಗುಂಪು ಆ ಹೊತ್ತಿಗೆ ವೆಂಡೆಲ್‌ನ ತಾಯಿಯ ತವರು ಯಾವುದೆಂದು ಚರ್ಚಿಸುತ್ತಿತ್ತು. ಆಕೆಯ ಚಿಕ್ಕಪ್ಪನೊಬ್ಬ ಗ್ರೇಸನ್ ಕಡೆ ಜಮೀನು ಮಾಡಿದ್ದನೆಂದು ಒಬ್ಬರಿಗೆ ನೆನಪಾಯಿತು. ಎಲ್ಲರೂ ತಲೆಯಾಡಿಸಿ ಕಾಫಿ ಕುಡಿದರು.

ಹತ್ತೂವರೆಗೆ ಹಲ್ಲಿನ ಡಾಕ್ಟರು. ಲೆಲ್ಯಾಂಡ್ ಹಾಸ್ ಒಳ್ಳೆಯ ಡಾಕ್ಟರು, ಆದರೆ ಹರೆಯದಲ್ಲಿ ಇದೇ ಕಾಲೇಜಿಗೆ ಆಡಿದವರು. ಮುಂದಿನ ಸಾಲಿನಲ್ಲಿ ನಿಂತು ಡಿಕ್ಕಿ ಹೊಡೆದು ಹೊಡೆದು ಅವರ ಕುತ್ತಿಗೆ ಇವತ್ತಿಗೂ ಎಡಕ್ಕೆ ತಿರುಗುವುದಿಲ್ಲ. ಅವರು ವೆಂಡೆಲ್‌ನ ಬಾಯಿಗೆ ಕನ್ನಡಿ, ಕೊಳವೆ, ಹತ್ತಿ ಎಲ್ಲ ತುರುಕಿದ ಮೇಲೆ ಮಾತು ಶುರುಮಾಡಿದರು.

“ನಲವತ್ತೆಂಟು ಅಂದ್ರೆ, ಸಲಕ್ಕೆ ಆರೇಳು ಅಂಕದ ಹಾಗೆ, ಅವರು ಏಳು ಸಲ ನಮ್ಮ ಗೆರೆ ದಾಟ್ಬೇಕು ವೆಂಡೆಲ್. ನಮ್ಮ ಹುಡುಗರು ಏಳು ಸಲ ಬಿಟ್ಕೊಡ್ತಾರಾ? ಅದನ್ನ ಹೇಳಿ ನನಗೆ.”

ವೆಂಡೆಲ್ ಕಣ್ಣಿನಿಂದ ಏನೋ ಹೇಳಲು ನೋಡಿದ.

“ನೋಡಿ, ನಿಮ್ಮತ್ರ ಉತ್ತರ ಇಲ್ಲ,” ಎಂದು ಡಾಕ್ಟರು ಯಂತ್ರ ತಿರುಗಿಸಿದರು.

ಅರ್ಧ ಮುಖ ಮರಗಟ್ಟಿಸಿಕೊಂಡು, ಒಂದು ಕಡೆಯ ತುಟಿ ಜೋತುಬಿದ್ದ ಸ್ಥಿತಿಯಲ್ಲಿ ಅವನು ಕಚೇರಿಗೆ ಬಂದ. ಸಂಪಾದಕಿ ಫಿಲ್ಲಿಸ್ ತೋರ್ಸನ್ ಫೋನು ಕೆಳಗಿಟ್ಟವಳು ಅವನನ್ನು ಕೂರಿಸಿ ವರದಿ ಒಪ್ಪಿಸಿದಳು. ಹಾರ್ಡ್‌ವೇರ್ ಅಂಗಡಿಯವನು ಹಿಮ ಬಾಚುವ ಸಲಿಕೆಯ ಜಾಹೀರಾತನ್ನು ವಾಪಸ್ ತೆಗೆದುಕೊಂಡಿದ್ದ. ವಾದ್ಯವೃಂದದ ಮೇಷ್ಟ್ರು ಫೋನಿನಲ್ಲಿ ಅತ್ತಿದ್ದರು. ಚರ್ಚಿನ ಮಹಿಳಾ ಮಂಡಳಿಯವರು ಬೈಯಲೇ ಇಲ್ಲ, ವೆಂಡೆಲ್‌ಗಾಗಿ ಪ್ರಾರ್ಥಿಸುತ್ತೇವೆ ಎಂದಿದ್ದರು, ಅದು ಎಲ್ಲಕ್ಕಿಂತ ಕೆಟ್ಟದ್ದು. ನಾಲ್ಕು ಗಂಟೆಯೊಳಗೆ ಪತ್ರಿಕೆಯ ವೆಬ್‌ಸೈಟಿಗೆ ಹೊಸ ಮುನ್ನೋಟ ಬೇಕು ಎಂದಳು.

ಅವನು ಸರಿಯಿದ್ದ ಅರ್ಧ ಬಾಯಿಂದ, ತಾನು ಬರೆದದ್ದು ಸತ್ಯ ಎಂದ.

“ಸತ್ಯ ಶನಿವಾರ ತಾನಾಗೇ ಬರುತ್ತೆ, ಎಲ್ಲಿಗೂ ಹೋಗಲ್ಲ. ಗುರುವಾರ ನಮಗೆ ಬೇಕಾಗಿರೋದು ಮುನ್ನೋಟ,” ಎಂದಳು ಫಿಲ್ಲಿಸ್.

ವೆಂಡೆಲ್ ಕಂಪ್ಯೂಟರಿನ ಮುಂದೆ ಕೂತ. ಹೊಟ್ಟೆಯಲ್ಲಿ ಒಂದು ತುತ್ತಿಲ್ಲ. ಹೆಂಡತಿ ಬೆಳಿಗ್ಗೆಯಿಂದ ಒಂದು ಫೋನೂ ಮಾಡಿಲ್ಲ. ತಾನು ಏನು ಬರೆದರೂ ಆ ಎಪ್ಪತ್ತೇಳನೇ ನಂಬರಿನವನು ಒಂದು ಪೌಂಡು ಇಳಿಯುವುದಿಲ್ಲ, ಹಾಗಿದ್ದ ಮೇಲೆ ಊರಿಗೆ ಎರಡು ದಿನದ ಸಂತೋಷ ಕೊಟ್ಟರೆ ತನ್ನ ಗಂಟೇನು ಹೋಗುತ್ತದೆ ಎನಿಸಿತು. ಬರೆಯತೊಡಗಿದ. ಹತಾಶೆಗೋ ಹಸಿವಿಗೋ ಕೈ ಎಂದೂ ಇಲ್ಲದ ಹಾಗೆ ಓಡಿತು. ಗ್ರೇಸನ್ ಗೆದ್ದ ಏಳೂ ಪಂದ್ಯ ಕೈಲಾಗದವರ ಮೇಲೆ ಗೆದ್ದದ್ದೆಂದ. ಅವರ ಹುಡುಗರು ದೊಡ್ಡ ದೇಹದವರು ನಿಜ, ಆದರೆ ಬಟ್ಟೆಯ ಬೀರುವೂ ದೊಡ್ಡದೇ, ಅದನ್ನು ಕಂಡು ಯಾರಾದರೂ ಹೆದರುತ್ತಾರೆಯೇ ಎಂದ. ನಮ್ಮ ಹುಡುಗರ ಮನಸ್ಸು ಚಿನ್ನ ಎಂದ. ಕೊನೆಗೆ, ಗೆಲುವು ನಮ್ಮದೇ, 24–21.

ನಾಲ್ಕಕ್ಕೆ ಅದು ಪ್ರಕಟವಾಯಿತು. ನಾಲ್ಕೂಕಾಲಿಗೆ ಊರು ಬೇರೆಯಾಯಿತು. ಬೀದಿಯಲ್ಲಿ ಹೋಗುವ ಕಾರುಗಳೆಲ್ಲ ಅವನನ್ನು ಕಂಡು ಹಾರ್ನ್ ಒತ್ತಿದವು, ಒತ್ತಿದವರಲ್ಲಿ ನಾನೂ ಒಬ್ಬ ಎಂದು ಈಗ ಒಪ್ಪಿಕೊಳ್ಳುತ್ತೇನೆ. ರೊವೀನಾ ರಸ್ತೆ ದಾಟಿ ಬಂದು ಆರು ರೋಲ್ ಇದ್ದ ಡಬ್ಬಿಯನ್ನು ಅವನ ಕೈಗಿಟ್ಟಳು. ಕಾರ್ಲೀನ್ ಫೋನು ಮಾಡಿ, ರಾತ್ರಿಗೆ ಹಂದಿಮಾಂಸ ಬೇಯಿಸುತ್ತಿದ್ದೇನೆ, ಹಲ್ಲಿಗೆ ತೊಂದರೆಯಾಗದ ಹಾಗೆ ಮೆತ್ತಗೆ ಮಾಡುತ್ತೇನೆ ಎಂದಳು. ತಮ್ಮನಿಗೆ ಸುದ್ದಿ ಹೇಳೋಣವೆಂದರೆ ಅವನು ಫೋನು ಎತ್ತುತ್ತಿಲ್ಲವಂತೆ. ನೀನೇ ಮೈದಾನಕ್ಕೆ ಹೋಗಿ ಹೇಳಿ ಬಾ ಎಂದಳು.

ಐದೂವರೆಗೆ ವೆಂಡೆಲ್ ಮೈದಾನ ತಲುಪಿದ. ಗೇಟಿನ ಹೊರಗೇ ಅವನಿಗೆ ವಿಚಿತ್ರವೆನಿಸಿತು. ಎಂದಿನ ಅಭ್ಯಾಸದಲ್ಲಿ ಹರಟೆ, ನಗು ಕೇಳುತ್ತಿದ್ದವು. ಇವತ್ತು ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಬಡಿಯುವ ಸದ್ದೊಂದೇ. ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು, ಎದ್ದು ಮತ್ತೆ ಬೀಳುತ್ತಿದ್ದರು. ಮುಂದಿನ ಸಾಲಿನ ಎಜ್ರಾ ಪ್ರೊಹಾಸ್ಕಾ ಎಂಬ ದೈತ್ಯ, ಅಭ್ಯಾಸಕ್ಕೆಂದು ಇಟ್ಟ ಕಬ್ಬಿಣದ ತಳ್ಳುಗಾಡಿಯನ್ನು ಮೈದಾನದ ಈ ತುದಿಯಿಂದ ಆ ತುದಿಗೆ ಒಬ್ಬನೇ ನೂಕುತ್ತಿದ್ದ. ವೆಂಡೆಲ್‌ನನ್ನು ಕಂಡು ಅವನು ನಿಂತು, ಹೆಲ್ಮೆಟ್ಟಿನ ಸರಳುಗಳ ಹಿಂದಿನಿಂದ ದುರುಗುಟ್ಟಿ ನೋಡಿ, ಉಗಿದು, ಮತ್ತೆ ನೂಕತೊಡಗಿದ.

ಕರ್ಟ್ ಓಡಿ ಬಂದು ವೆಂಡೆಲ್‌ನನ್ನು ಅಪ್ಪಿಕೊಂಡ. ಅವನ ಕಣ್ಣಲ್ಲಿ ನೀರಿತ್ತು.

“ಭಾವ, ನೀವು ನನ್ನ ಕೆಲಸ ಉಳಿಸಿದ್ರಿ.”

ಇಷ್ಟು ಬೇಗ ಓದಿದೆಯಾ ಎಂದು ವೆಂಡೆಲ್ ಕೇಳಿದ.

“ಬೆಳಿಗ್ಗೆ ಆರಕ್ಕೇ ಓದ್ದೆ. ಕತ್ತರಿಸಿ ಬಟ್ಟೆ ಬದಲಿಸೋ ಕೋಣೆ ಗೋಡೆಗೆ ಅಂಟಿಸಿದೀನಿ. ನಲವತ್ತೆಂಟು–ಆರು! ಒಬ್ಬೊಬ್ಬನೂ ಹೊರಗೆ ಬರೋವಾಗ ಅದಕ್ಕೆ ಒಂದು ಗುದ್ದು ಗುದ್ದಿ ಬರ್ತಿದಾನೆ. ಏಳು ವಾರದಿಂದ ಈ ಹುಡುಗರಿಗೆ ಸಿಟ್ಟು ಬರಿಸೋಕೆ ಒದ್ದಾಡಿ ಸತ್ತೆ ಭಾವ. ಒಳ್ಳೇ ಮನೆ ಮಕ್ಕಳು, ಎದುರಾಳೀನ ಬೀಳಿಸಿದ್ರೆ ಕೈಹಿಡಿದು ಎಬ್ಬಿಸಿ ಸಾರಿ ಕೇಳ್ತಾರೆ. ಇವತ್ತು ಒಬ್ಬನೂ ಕೇಳಿಲ್ಲ. ಶನಿವಾರ ಗೆದ್ದೇ ಗೆಲ್ತೀವಿ, ನೀವು ಬರ್ದಿರೋದ್ರಲ್ಲಿ ಒಂದಕ್ಷರ ಬದಲಾಯಿಸ್ಬೇಡಿ.”

ಪತ್ರಿಕೆಯವರ ಹಗುರ ಮಾತನ್ನು ಗೋಡೆಗೆ ಅಂಟಿಸಿ ಹುಡುಗರನ್ನು ಕೆರಳಿಸುವುದು ಈ ಆಟದಷ್ಟೇ ಹಳೆಯ ಪದ್ಧತಿ. ವೆಂಡೆಲ್‌ಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಅದು ದೊಡ್ಡ ಊರಿನ ದೊಡ್ಡ ಪತ್ರಿಕೆಗಳಿಗೆ ಸಲ್ಲುವ ಮರ್ಯಾದೆ. ತನ್ನ ಬರಹವನ್ನೂ ಒಂದು ದಿನ ಯಾರಾದರೂ ಗೋಡೆಗೆ ಅಂಟಿಸಿಯಾರು ಎಂದು ಹನ್ನೊಂದು ವರ್ಷದಲ್ಲಿ ಅವನಿಗೆ ಹೊಳೆದಿರಲಿಲ್ಲ. ಮರಗಟ್ಟಿದ್ದ ಕೆನ್ನೆಗೆ ಈಗ ಜೀವ ಬಂದಿತ್ತು, ನೋವೂ ಬಂದಿತ್ತು.

“ಕರ್ಟ್, ಹುಡುಗರ ಫೋನುಗಳು ಎಲ್ಲಿವೆ?” ಎಂದು ಕೇಳಿದ.

“ಒಳಗೆ, ಬೀಗ ಹಾಕಿದೀನಿ. ಅಭ್ಯಾಸ ಮುಗಿಯೋವರೆಗೂ ಯಾರಿಗೂ ಕೊಡಲ್ಲ.” ಕರ್ಟ್ ಗಡಿಯಾರ ನೋಡಿದ. “ಮುಗೀತು ನೋಡಿ.” ವೆಂಡೆಲ್ ಕೈ ಚಾಚುವಷ್ಟರಲ್ಲಿ ಅವನು ಸೀಟಿ ಊದಿಬಿಟ್ಟಿದ್ದ. ಅರವತ್ತು ಹುಡುಗರು ಹಲ್ಲು ಕಚ್ಚಿಕೊಂಡು ಒಳಗೆ ನುಗ್ಗಿದರು. ಒಳಗಿನಿಂದ ಗೋಡೆ ಗುದ್ದುವ ಸದ್ದು ಧಡಧಡನೆ ಕೇಳಿತು. ಆಮೇಲೆ ಸದ್ದು ವಿರಳವಾಯಿತು. ಆಮೇಲೆ ನಿಂತೇಹೋಯಿತು.

ಹತ್ತು ನಿಮಿಷದ ನಂತರ ಅವರು ಫೋನು ಹಿಡಿದು ಹೊರಗೆ ಬಂದರು. ಎಲ್ಲರ ಮುಖದಲ್ಲೂ ನಗು. ಎಜ್ರಾ ಪ್ರೊಹಾಸ್ಕಾ ನೇರ ವೆಂಡೆಲ್‌ನ ಬಳಿ ಬಂದು ಎರಡೂ ತೋಳಿನಿಂದ ಅವನನ್ನು ನೆಲದಿಂದ ಎತ್ತಿಕೊಂಡ.

“ಸಾರಿ ಸರ್, ಆಗ್ಲೇ ಉಗಿದ್ಬಿಟ್ಟೆ. ನೀವು ನಮ್ಮನ್ನ ನಂಬಿದೀರ ಅಂತ ಗೊತ್ತಿರ್ಲಿಲ್ಲ. ನಮ್ಮ ಮನಸ್ಸು ಚಿನ್ನ ಅಂತ ಬರ್ದಿದೀರಲ್ಲ ಸರ್, ಅಮ್ಮನಿಗೆ ಓದಿ ಹೇಳ್ದೆ.”

ಹಿಂದೆ ನಿಂತವರು ಸರದಿಯಲ್ಲಿ ಬಂದು ಕೈಕುಲುಕಿದರು. ಒಬ್ಬ ಇನ್ನೊಬ್ಬನಿಗೆ, ಅಭ್ಯಾಸದಲ್ಲಿ ಪಕ್ಕೆಗೆ ಗುದ್ದಿದ್ದಕ್ಕೆ ಸಾರಿ ಕೇಳಿದ. ಅವನು ಪರವಾಗಿಲ್ಲ ಎಂದ. ಎಲ್ಲರೂ ಪಿಜ್ಜಾ ತಿನ್ನಲು ಹೊರಟರು. ಕರ್ಟ್ ಒಬ್ಬನ ಕೈಯಿಂದ ಫೋನು ಇಸಿದುಕೊಂಡು ಓದಿದ, ಮತ್ತೊಮ್ಮೆ ಓದಿದ, ಹೋಗಿ ಬೆಂಚಿನ ಮೇಲೆ ಕೂತುಬಿಟ್ಟ.

ವೆಂಡೆಲ್ ಬೆಂಚಿನ ಕಡೆಗೆ ಹೆಜ್ಜೆ ಇಡುವಷ್ಟರಲ್ಲಿ ಅವನದೇ ಫೋನು ಬಡಿದುಕೊಂಡಿತು. ಆ ಕಡೆಯಿಂದ ಮಾತಾಡಿದವರು ಗ್ರೇಸನ್ ತಂಡದ ಕೋಚ್ ಮೆಲ್ವಿನ್ ಟೀಗ್. ಬಹಳ ಸಂಭಾವಿತ ಮುದುಕ. ಏಳು ಸಲ ಗೆದ್ದ ಹುಡುಗರು ಸೊಕ್ಕಿ ಸೋಮಾರಿಗಳಾಗಿದ್ದರಂತೆ. ವಾರವಿಡೀ ಹುಡುಕಿದರೂ ಗೋಡೆಗೆ ಅಂಟಿಸಲು ಒಂದು ಸಾಲು ಸಿಕ್ಕಿರಲಿಲ್ಲವಂತೆ, ಎಲ್ಲ ಪತ್ರಿಕೆಯವರೂ ಹೊಗಳುವವರೇ. ಈಗ ಆ ಬೀರುವಿನ ವಾಕ್ಯವನ್ನು ಬಾಗಿಲಷ್ಟು ದೊಡ್ಡದಾಗಿ ಮುದ್ರಿಸಿ ತೂಗುಹಾಕಿದ್ದಾರಂತೆ.

“ನಮ್ಮ ಎಪ್ಪತ್ತೇಳನೇ ನಂಬರಿನವನು ಊಟ ಬಿಟ್ಟು ಮೈದಾನಕ್ಕೆ ಇಳಿದಿದಾನೆ ಸ್ವಾಮಿ. ಬಹಳ ಚೆನ್ನಾಗಿ ಬರೀತೀರಿ.”

ಹನ್ನೊಂದು ವರ್ಷದಲ್ಲಿ ಒಬ್ಬ ಕೋಚ್ ಅವನ ಬರಹವನ್ನು ಹೊಗಳಿದ್ದು ಅದೇ ಮೊದಲು. ವೆಂಡೆಲ್ ಅಭ್ಯಾಸಬಲದಿಂದ ಧನ್ಯವಾದ ಎಂದ.

ಮನೆಗೆ ಬಂದಾಗ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿತ್ತು. ಮಾಂಸ ಬೆಣ್ಣೆಯ ಹಾಗೆ ಬೆಂದಿತ್ತು. ಕಾರ್ಲೀನ್ ಅವನ ಕೋಟು ಬಿಚ್ಚಿ ತೂಗುಹಾಕಿ, ಕೆನ್ನೆ ಸವರಿ, ತುಂಬ ನೋವಾಗ್ತಿದೆಯಾ ಎಂದು ಕೇಳಿದಳು. ಅವನು ಹೌದು ಎಂದ. ಅವಳು ಅವನ ತಟ್ಟೆ ತುಂಬಿಸಿ, ಫೋನು ಕಿವಿಗಿಟ್ಟುಕೊಂಡು ಕಿಟಕಿಯ ಬಳಿ ಹೋದಳು. ಕರ್ಟ್ ಈ ಸಲ ಎತ್ತಿದ. ಭಾವನಿಗೆ ಒಂದು ಮಾತು ಹೇಳ್ಬಾರ್ದೇನೋ ಎಂದಳು. ಕೇಳಿಸ್ತಿದೆಯೇನೋ ಎಂದಳು. ಸ್ವಲ್ಪ ಹೊತ್ತು ಕಾದು, ಫೋನನ್ನು ಅಂಗೈಯಿಂದ ಮುಚ್ಚಿ, ಒದ್ದೆ ಕಣ್ಣಿನಿಂದ ಗಂಡನ ಕಡೆ ತಿರುಗಿದಳು.

“ಮಾತೇ ಆಡ್ತಿಲ್ಲ ಕಣೋ. ಖುಷಿಗೆ ಗಂಟಲು ಕಟ್ಕೊಂಡಿರ್ಬೇಕು, ಪಾಪ.”