ಸೋಲಬೇಕಾದ ಶನಿವಾರ

ಆ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲೂ ಬರೆದಿಡದ ಒಂದು ಕಾನೂನಿತ್ತು. ಸಭೆ ನಡೆಯುವಾಗ ಯಾರು ಎದ್ದು ಹೊರಗೆ ಹೋಗುತ್ತಾರೋ, ಯಾರಿಗೂ ಬೇಡವಾಗಿ ಉಳಿದ ಕೆಲಸ ಅವರ ತಲೆಗೆ. ಅದಕ್ಕೇ ಅಲ್ಲಿನ ಮೇಷ್ಟ್ರುಗಳು ಸಭೆಯ ದಿನ ಬೆಳಗಿನಿಂದ ನೀರು ಮುಟ್ಟುತ್ತಿರಲಿಲ್ಲ. ಕೆಮ್ಮು ಬಂದರೆ ನುಂಗಿಕೊಳ್ಳುತ್ತಿದ್ದರು. ಅಂತರಶಾಲಾ ಕ್ರೀಡೆ ಮತ್ತು ಚೆಸ್ ಪಂದ್ಯಗಳ ಜವಾಬ್ದಾರಿ ಹಂಚುವ ಸೋಮವಾರದ ಸಭೆಯಲ್ಲಿ ಭೂಗೋಳದ ಮೇಷ್ಟ್ರಿಗೆ ಒಂದರ ಹಿಂದೊಂದು ಮೂರು ಸೀನು ಬಂದವು. ಮೂಗು ತೊಳೆದುಕೊಳ್ಳಲು ನಲ್ಲಿಯ ಹತ್ತಿರ ಹೋದವರು ಎರಡೇ ನಿಮಿಷದಲ್ಲಿ ವಾಪಸು ಬಂದರು. ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

"ಅಭಿನಂದನೆ ಸರ್," ಅಂದರು ಪಿ.ಟಿ. ಮೇಷ್ಟ್ರು. "ಈ ವರ್ಷದ ಚೆಸ್ ತಂಡ ನಿಮ್ಮದು."

"ನಂಗೆ ಚೆಸ್ಸೇ ಬರಲ್ವಲ್ರೀ! ಕುದುರೆ ಸೊಟ್ಟಗೆ ಹೋಗುತ್ತೆ ಅನ್ನೋದೊಂದು ಬಿಟ್ರೆ..."

"ಅಷ್ಟು ಗೊತ್ತಲ್ಲ, ಸಾಕು. ಹೋದ ವರ್ಷದವರಿಗೆ ಅದೂ ಗೊತ್ತಿರ್ಲಿಲ್ಲ. ಗೆಲ್ತಾ ಹೋದ್ರೆ ಎಂಟು ಶನಿವಾರ. ಸೋತ್ರೆ ಅಲ್ಲಿಗೇ ಮುಗೀತು."

ಶನಿವಾರ ಎಂದ ಕೂಡಲೇ ಭೂಗೋಳದ ಮೇಷ್ಟ್ರು ಬೆರಳು ಮಡಚಿ ಎಣಿಸತೊಡಗಿದರು. ಅವರ ಹೆಂಡತಿ ಮೂರು ಗಂಟೆ ದಾರಿಯ ಊರಿನ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿ ಒಂದೂವರೆ ವರ್ಷವಾಗಿದ್ದರೂ ಆಕೆ ಮನೆಗೆ ಬರುತ್ತಿದ್ದದ್ದು ಶನಿವಾರ ಮಧ್ಯಾಹ್ನ ಹನ್ನೆರಡರ ಬಸ್ಸಿಗೆ, ಹೊರಡುತ್ತಿದ್ದದ್ದು ಭಾನುವಾರ ಬೆಳಗಿನ ಬಸ್ಸಿಗೆ. ವಾರಕ್ಕೆ ಏಳು ದಿನ ಎಂದು ಲೋಕವೆಲ್ಲ ಒಪ್ಪಿಕೊಂಡಿರಬಹುದು, ಮೇಷ್ಟ್ರಿಗೆ ಇದ್ದದ್ದು ಒಂದೇ ದಿನ. ಮಿಕ್ಕ ಆರು ದಿನ ಅದಕ್ಕಾಗಿ ಕಾಯುವುದೇ ಅವರ ಉದ್ಯೋಗ. ನಡುವೆ ಬಿಡುವಾದಾಗ ಭೂಗೋಳ ಹೇಳಿಕೊಡುತ್ತಿದ್ದರು. ಹೆಂಡತಿಯ ಮೇಲೆ ಅವರಿಗೆ ಅಷ್ಟು ಪ್ರೀತಿ. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು.

ಹೆಡ್ ಮಿಸ್ಸಿನ ಹತ್ತಿರ ಹೋಗಿ ಗೋಗರೆದರು. "ನೀವು ಒಲ್ಲೆ ಅಂದ್ರೆ ಥ್ರೋಬಾಲ್, ಕಬಡ್ಡಿ ಎರಡೂ ಕೊಡ್ತೀನಿ," ಎಂದು ಹೆಡ್ ಮಿಸ್ ನಗುನಗುತ್ತಾ ಹೇಳಿದರು. ಆ ನಗು ಕಂಡರೆ ಇಡೀ ಶಾಲೆಗೆ ಭಯವಿತ್ತು.

ಬಿಸಿ ತುಪ್ಪ ಬಾಯಿಗೆ ಬಿದ್ದಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಎರಡು ದಿನ ಯೋಚಿಸಿ ಮೇಷ್ಟ್ರು ಹಾವೂ ಸಾಯದ, ಕೋಲೂ ಮುರಿಯದ ಒಂದು ದಾರಿ ಕಂಡುಕೊಂಡರು. ಸೋತರೆ ಮುಗಿಯಿತಲ್ಲವೇ? ಹಾಗಾದರೆ ಮೊದಲ ಶನಿವಾರವೇ ಸೋತುಬಿಡಬೇಕು. ಅದೂ ಹನ್ನೊಂದೂವರೆಯ ಒಳಗೆ. ಹನ್ನೆರಡಕ್ಕೆ ಬಸ್ ಸ್ಟ್ಯಾಂಡಿನಲ್ಲಿರಬಹುದು.

ಆ ಶಾಲೆಯಲ್ಲಿ ಚೆಸ್ ಬಲ್ಲವಳೆಂದರೆ ಎಂಟನೇ ಕ್ಲಾಸಿನ ಒಬ್ಬ ಹುಡುಗಿ. ಅವಳಿಗೆ ಎಲ್ಲರೂ ಕ್ಯಾಲ್ಕುಲೇಟರ್ ಎನ್ನುತ್ತಿದ್ದರು. ಅವಳನ್ನು ಮೇಷ್ಟ್ರು ಉದಾರವಾಗಿ ಥ್ರೋಬಾಲ್ ತಂಡಕ್ಕೆ ದಾನ ಮಾಡಿದರು. ಆಮೇಲೆ ಕ್ಲಾಸು ಕ್ಲಾಸು ಅಲೆದು ನಾಲ್ಕು ರತ್ನಗಳನ್ನು ಆರಿಸಿದರು. ಉತ್ತರ ಪತ್ರಿಕೆಯನ್ನು ಹತ್ತು ನಿಮಿಷದಲ್ಲಿ ಕೊಟ್ಟು ಓಡುವ ಅವಸರ. ಪೆನ್ನು, ರಬ್ಬರು ಕೇಳಿದವರಿಗೆಲ್ಲ ಕೊಟ್ಟು ಕೂರುವ ಧಾರಾಳಿ. ಮಾತಾಡಿಸಿದರೆ ಕಣ್ಣು ತುಂಬಿಕೊಳ್ಳುವ ಅಳುಮುಂಜಿ. ನಾಲ್ಕನೆಯವನು ಆಕಳಿಕೆ. ಅವನು ಎಚ್ಚರವಾಗಿದ್ದದ್ದನ್ನು ನೋಡಿದವರು ಕಡಿಮೆ.

ತಂಡದ ಪಟ್ಟಿ ನೋಡಿ ಆಫೀಸಿನ ಗುಮಾಸ್ತ ಕನ್ನಡಕ ಏರಿಸಿದ. "ಇದು ಚೆಸ್ ತಂಡವೋ, ಆಸ್ಪತ್ರೆಗೆ ಕಳಿಸೋ ಪಟ್ಟಿಯೋ ಸರ್?"

"ಎಲ್ಲ ಮಕ್ಕಳಿಗೂ ಅವಕಾಶ ಸಿಗಬೇಕು," ಅಂದರು ಮೇಷ್ಟ್ರು ಗಂಭೀರವಾಗಿ.

ಶನಿವಾರ ಬಂತು. ಪಂದ್ಯ ಇವರ ಶಾಲೆಯಲ್ಲೇ, ಹತ್ತು ಗಂಟೆಗೆ. ಆಕಳಿಕೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿ, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಮೇಷ್ಟ್ರನ್ನು ಕಂಡು ಎದ್ದು ನಿಂತ.

"ಸರ್, ನನ್ನ ಇಲ್ಲೀತನಕ ಯಾರೂ ಯಾವ ತಂಡಕ್ಕೂ ಹಾಕ್ಕೊಂಡಿರ್ಲಿಲ್ಲ. ಅಮ್ಮ ಎರಡು ಸಲ ಇಸ್ತ್ರಿ ಮಾಡಿದ್ಲು."

"ಚೆನ್ನಾಗಿ ಆಡಪ್ಪ," ಎಂದು ಮೇಷ್ಟ್ರು ಬೇರೆ ಕಡೆ ನೋಡಿದರು. ಬೇರೆ ಕಡೆ ಗಡಿಯಾರವಿತ್ತು.

ಹತ್ತಕ್ಕೆ ಶುರುವಾದದ್ದು ಪಂದ್ಯವಲ್ಲ, ಹೆಡ್ ಮಿಸ್ಸಿನ ಭಾಷಣ. ಸೋಲು ಗೆಲುವು ಮುಖ್ಯವಲ್ಲ ಎಂಬುದನ್ನು ಅವರು ಮೂವತ್ತೈದು ನಿಮಿಷ ವಿವರಿಸಿದರು. ಕೊನೆಗೆ, "ಆದರೆ ಗೆಲ್ಲಲೇಬೇಕು," ಎಂದು ಮುಗಿಸಿದರು. ಕಿಟಕಿಯಾಚೆ ಮೈದಾನದಲ್ಲಿ ಪಿ.ಟಿ. ಮೇಷ್ಟ್ರ ಸೀಟಿ ಒಂದೇ ಸಮನೆ ಕೂಗುತ್ತಿತ್ತು. ಭೂಗೋಳದ ಮೇಷ್ಟ್ರ ಬಲಗಾಲು ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು.

ತೀರ್ಪುಗಾರರಾಗಿ ಬಂದವರು ನಿವೃತ್ತ ಪೋಸ್ಟ್ ಮಾಸ್ಟರು. ನಿಯಮದ ಪುಸ್ತಕವನ್ನು ಮಗುವಿನ ಹಾಗೆ ಎದೆಗವಚಿಕೊಂಡಿದ್ದರು. ಎದುರು ಶಾಲೆಯ ತಂಡ ಕರೆತಂದವರು ಲೆಕ್ಕದ ಮೇಡಂ. ಬಂದಾಗಿನಿಂದ ಕೈಗಡಿಯಾರ ನೋಡುವುದೇ ಅವರ ಕೆಲಸವಾಗಿತ್ತು. ಅವರೂ ಭೂಗೋಳದ ಮೇಷ್ಟ್ರೂ ಹಿಂದಿನ ಬೆಂಚಿನಲ್ಲಿ ಕೂತರು.

"ಹೋದ ವರ್ಷ ಎಲ್ಲರನ್ನೂ ಬಡಿದು ಹಾಕಿದ ಹುಡುಗಿ ಒಬ್ಬಳಿದ್ಲಲ್ಲ ನಿಮ್ಮಲ್ಲಿ? ಕಾಣ್ತಾ ಇಲ್ಲ?" ಲೆಕ್ಕದ ಮೇಡಂ ಆತಂಕದಿಂದ ಕೇಳಿದರು.

"ಥ್ರೋಬಾಲ್‌ಗೆ ಕಳಿಸಿದೆ. ದೇಹಕ್ಕೂ ವ್ಯಾಯಾಮ ಬೇಕಲ್ವಾ ಮೇಡಂ? ನಿಮ್ಮಲ್ಲಿ ಕಪ್ ಗೆದ್ದ ಹುಡುಗ ಎಲ್ಲಿ?"

"ಗುಂಡು ಎಸೆತಕ್ಕೆ ಹಾಕಿದೀನಿ."

"ಅವನು ಕಡ್ಡಿ ಥರ ಇದ್ನಲ್ಲ?"

"ಅದಕ್ಕೇ. ದೇಹಕ್ಕೂ ವ್ಯಾಯಾಮ ಬೇಕಲ್ವಾ ಸರ್?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು.

"ಶನಿವಾರ ಒಂದೇ ದಿನ ನಾನು ಮಧ್ಯಾಹ್ನ ಮಲಗೋದು," ಮೇಡಂ ಹಲ್ಲು ಕಚ್ಚಿ ಪಿಸುಗುಟ್ಟಿದರು. "ಎಂಟು ಶನಿವಾರ ನಾನು ಕೊಡೋಳಲ್ಲ. ನಮ್ಮೋರು ಸೋತೇ ಸೋಲ್ತಾರೆ."

"ನೋಡೋಣ ಮೇಡಂ. ನಮ್ಮೋರೂ ಏನು ಕಡಿಮೆ ಇಲ್ಲ," ಅಂದರು ಮೇಷ್ಟ್ರು.

ಮೊದಲ ಪೆಟ್ಟು ಬಿದ್ದದ್ದು ಮೇಷ್ಟ್ರಿಗೇ. ನಾಲ್ಕು ನಿಮಿಷ ಆಗಿತ್ತೋ ಇಲ್ಲವೋ, ಅವಸರ ಎದ್ದು ಓಡಿಬಂದ.

"ಮುಗೀತು ಸರ್!"

"ಸೋತ್ಯಾ?" ಮೇಷ್ಟ್ರ ದನಿಯಲ್ಲಿ ಆಸೆ ಉಕ್ಕಿತು.

"ಇಲ್ಲ ಸರ್, ಗೆದ್ದೆ! ರಾಣೀನ ಸುಮ್ನೆ ಮುಂದೆ ತಳ್ದೆ. ಅದು ಚೆಕ್‌ಮೇಟ್ ಅಂತೆ. ನಂಗೂ ಗೊತ್ತಿರ್ಲಿಲ್ಲ."

ಲೆಕ್ಕದ ಮೇಡಂ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಎರಡನೇ ಬೋರ್ಡಿನಲ್ಲಿ ಧಾರಾಳಿ, "ಕುದುರೆ ಬೇಕಾ? ತಗೋ. ಒಂಟೆಯೂ ಇರ್ಲಿ," ಎಂದು ಒಂದೊಂದೇ ಕಾಯಿಯನ್ನು ಎದುರಿನ ಹುಡುಗನಿಗೆ ಒಪ್ಪಿಸುತ್ತಾ ಹೋದಳು. ಬೇಡವೆಂದರೂ ಬಿಡಲಿಲ್ಲ. ಹನ್ನೊಂದು ಗಂಟೆಗೆ ಸೋತು, ಎದುರಿನವನಿಗೆ ಒಂದು ಪೆಪ್ಪರ್‌ಮಿಂಟೂ ಕೊಟ್ಟು ಎದ್ದಳು. ಮೇಷ್ಟ್ರಿಗೆ ಅವಳನ್ನು ಎತ್ತಿಕೊಂಡು ಕುಣಿಯುವಷ್ಟು ಖುಷಿಯಾಯಿತು. ಒಂದಕ್ಕೊಂದು ಸಮ.

ಮೂರನೇ ಬೋರ್ಡಿನಲ್ಲಿ ಅಳುಮುಂಜಿಯ ಆನೆ ಹೋಯಿತು. ಅಳು ಶುರುವಾಯಿತು. ಅವನು ಅಳುವುದನ್ನು ನೋಡಲಾಗದೆ ಎದುರಿನ ಪುಟ್ಟ ಹುಡುಗಿಯೂ ಅತ್ತಳು. ಪೋಸ್ಟ್ ಮಾಸ್ಟರು ನಿಯಮದ ಪುಸ್ತಕ ತಿರುವಿ, ಅಳುವುದಕ್ಕೆ ಯಾವ ನಿಷೇಧವೂ ಇಲ್ಲ ಎಂದು ಘೋಷಿಸಿದರು. ಹತ್ತು ನಿಮಿಷ ಜೋಡಿಯಾಗಿ ಅತ್ತಮೇಲೆ ಇಬ್ಬರೂ ಕೈ ಕುಲುಕಿ ಡ್ರಾ ಮಾಡಿಕೊಂಡರು.

ಈಗ ಎಲ್ಲವೂ ಆಕಳಿಕೆಯ ಮೇಲೆ ನಿಂತಿತು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಮೇಷ್ಟ್ರು ಬೋರ್ಡಿನ ಹತ್ತಿರ ಹೋಗಿ ನೋಡಿದರೆ, ಆಕಳಿಕೆಯ ಕಡೆ ರಾಜನೂ ಒಂದು ಆನೆಯೂ ಉಳಿದಿದ್ದವು. ಎದುರಿನ ಉದ್ದ ಜಡೆಯ ಹುಡುಗಿಯ ಹತ್ತಿರ ಬರೀ ರಾಜ.

"ಅಂದ್ರೆ ನಾವು ಸೋಲೋ ಹಾಗೇ ಇಲ್ವಾ?" ಅವರು ಗಾಬರಿಯಿಂದ ಪೋಸ್ಟ್ ಮಾಸ್ಟರನ್ನು ಕೇಳಿದರು.

"ಖಂಡಿತ ಇಲ್ಲ! ಧೈರ್ಯವಾಗಿರಿ. ಗೆದ್ರೆ ಮುಂದಿನ ಸುತ್ತು. ಐವತ್ತು ನಡೆಯೊಳಗೆ ಗೆಲ್ಲದಿದ್ರೆ ಡ್ರಾ. ಆಗ ಎರಡೂ ತಂಡ ಸಮ. ಮುಂದಿನ ಶನಿವಾರ ಇದೇ ಎಂಟು ಮಕ್ಕಳು ಮತ್ತೆ ಆಡಬೇಕು." ಅವರು ಕಾಗದದಲ್ಲಿ ನಡೆಗೊಂದು ಗೆರೆ ಎಳೆಯುತ್ತಿದ್ದರು.

ಗೆದ್ದರೆ ಏಳು ಶನಿವಾರ ಹೋದಂತೆ. ಡ್ರಾ ಆದರೆ ಒಂದೇ. ಅದರಲ್ಲಿ ನೆಟ್ಟಗೆ ಸೋಲಬಹುದು. ಮೇಷ್ಟ್ರು ಡ್ರಾ ಆಗಲೆಂದು ಕಂಡಕಂಡ ದೇವರಿಗೆಲ್ಲ ಕೈಮುಗಿದರು. ಅಷ್ಟರಲ್ಲಿ ಲೆಕ್ಕದ ಮೇಡಂ ನುಗ್ಗಿಬಂದರು.

"ಪುಟ್ಟಿ, ಸಾಕು ಬಿಡು. ಸೋತೆ ಅಂತ ಹೇಳ್ಬಿಡು. ಊಟದ ಹೊತ್ತಾಯ್ತು."

"ಏನ್ ಮಾತು ಮೇಡಂ ಇದು!" ಮೇಷ್ಟ್ರು ಸಿಡಿದರು. "ಮಕ್ಕಳಿಗೆ ಹೋರಾಡೋದು ಕಲಿಸ್ಬೇಕು. ಕೊನೇ ಉಸಿರಿರೋ ತನಕ ಬಿಡಬಾರದಮ್ಮ! ಓಡ್ಸು ನಿನ್ನ ರಾಜನ್ನ!"

"ಎಂಥ ಕ್ರೀಡಾ ಮನೋಭಾವ!" ಹೆಡ್ ಮಿಸ್ ಬಾಗಿಲಲ್ಲೇ ಕಣ್ಣೊರೆಸಿಕೊಂಡರು. "ಎದುರಾಳೀನೂ ಹುರಿದುಂಬಿಸ್ತಾರೆ ನಮ್ಮ ಸರ್." ಗುಮಾಸ್ತ ಇಡೀ ಶಾಲೆಗೆ ಸುದ್ದಿ ಹಂಚಿದ. ಬೆವರು ಸುರಿಸುತ್ತಿದ್ದ ಥ್ರೋಬಾಲ್ ತಂಡ ಬಂದು ಕಿಟಕಿಗೆ ಮುತ್ತಿಕೊಂಡಿತು. ಕ್ಯಾಲ್ಕುಲೇಟರ್ ಬೋರ್ಡು ನೋಡಲಾಗದೆ ತಲೆ ಚಚ್ಚಿಕೊಂಡಳು.

ಆಕಳಿಕೆ ಆನೆಯನ್ನು ಆ ಕಡೆಗೆ ತಳ್ಳಿದ, ಈ ಕಡೆಗೆ ತಳ್ಳಿದ. ಉದ್ದ ಜಡೆಯ ಹುಡುಗಿಯ ರಾಜ ಮೂಲೆಗೆ ಹೋಗಿ ಮತ್ತೆ ಈಚೆ ಬಂದ. ಆದರೆ ಆಕಳಿಕೆ ಒಮ್ಮೆಯೂ ಆಕಳಿಸಲಿಲ್ಲ. ಹಣೆಯಲ್ಲಿ ಬೆವರೊಡೆದಿತ್ತು, ನಾಲಗೆ ತುಟಿಯಂಚಿಗೆ ಬಂದಿತ್ತು. ಹನ್ನೆರಡು ಹೊಡೆಯಿತು. ಮೇಷ್ಟ್ರ ಕಣ್ಣಮುಂದೆ ಬಸ್ಸು ಬಂದು ನಿಂತಿತು, ಹೆಂಡತಿ ಇಳಿದು ಸುತ್ತ ನೋಡಿದಳು. ಅವರು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರೆ ಹೆಡ್ ಮಿಸ್ ಭುಜ ಹಿಡಿದು ನಿಲ್ಲಿಸಿದರು. "ಈಗ ಎಲ್ಲಿಗೆ? ನೀವಿದ್ರೇ ಹುಡುಗನಿಗೆ ಧೈರ್ಯ."

ನಲವತ್ತೈದು. ನಲವತ್ತಾರು. ಪೋಸ್ಟ್ ಮಾಸ್ಟರು ಗೆರೆ ಎಳೆಯುತ್ತಲೇ ಇದ್ದರು. ಐವತ್ತು. "ಡ್ರಾ!"

ಹುಡುಗರು ಹೋ ಎಂದು ಕೂಗಿದರು. ಸೋತವರಿಲ್ಲ ಎಂದಮೇಲೆ ಎಂಟು ಮಕ್ಕಳೂ ಗೆದ್ದವರ ಹಾಗೆ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಲೆಕ್ಕದ ಮೇಡಂ ತಂಡವನ್ನು ದರದರ ಎಳೆದುಕೊಂಡು ಹೊರಡುತ್ತಾ, "ಮುಂದಿನ ವಾರ ನಮ್ಮ ಶಾಲೇಲಿ. ನೋಡ್ಕೊಳ್ತೀನಿ," ಎಂದು ಗುರುಗುಟ್ಟಿದರು. ಮೇಷ್ಟ್ರು ನಿಟ್ಟುಸಿರುಬಿಟ್ಟು ತಿರುಗಿದರೆ, ಬಾಗಿಲಲ್ಲಿ ಬ್ಯಾಗು ಹೆಗಲಿಗೇರಿಸಿಕೊಂಡು ಹೆಂಡತಿ ನಿಂತಿದ್ದಳು.

"ಬಸ್ ಸ್ಟ್ಯಾಂಡಲ್ಲಿ ಕಾಲು ಗಂಟೆ ಕಾದೆ ರೀ. ಆಟೋದವನು, ನಿಮ್ಮೋರು ಶಾಲೇಲಿ ಏನೋ ಕಪ್ ಗೆಲ್ಲಿಸ್ತಾ ಇದಾರೆ ಅಂದ."

ಮೇಷ್ಟ್ರು ಅವಳನ್ನು ಮೂಲೆಗೆ ಕರೆದೊಯ್ದು, ಮಾಡಿದ್ದನ್ನೆಲ್ಲ ಪಿಸುದನಿಯಲ್ಲಿ ಹೇಳಿದರು. ಕ್ಯಾಲ್ಕುಲೇಟರನ್ನು ದಾನ ಮಾಡಿದ್ದು, ನಾಲ್ಕು ರತ್ನಗಳನ್ನು ಆರಿಸಿದ್ದು, ಎಲ್ಲ ಅವಳಿಗೋಸ್ಕರ. ಅವಳು ಕರಗಿಹೋಗುತ್ತಾಳೆ ಎಂದುಕೊಂಡಿದ್ದರು.

"ನನ್ನ ನೆಪ ಮಾಡ್ಕೊಂಡು ಮಕ್ಕಳನ್ನ ಸೋಲಿಸೋಕೆ ಹೊರಟ್ರಾ?" ಅವಳ ಕಣ್ಣು ಕೆಂಪಾಯಿತು. "ಆ ಹುಡುಗನ ಮುಖ ನೋಡಿ. ನಾಚಿಕೆ ಆಗಲ್ವಾ?"

ಆಕಳಿಕೆ ಇನ್ನೂ ಬೋರ್ಡಿನ ಮುಂದೆಯೇ ಕೂತಿದ್ದ. ಆನೆಯನ್ನು ಕೈಯಲ್ಲಿ ಹಿಡಿದು, "ಎಲ್ಲಿ ತಪ್ಪಿದೆ?" ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಮೇಷ್ಟ್ರಿಗೆ ನಿಜಕ್ಕೂ ನಾಚಿಕೆಯಾಯಿತು. ಹೆಂಡತಿ ಬ್ಯಾಗನ್ನು ಅವರ ಕೈಗೆ ತುರುಕಿ, ಹೋಗಿ ಹುಡುಗನ ಎದುರು ಕೂತಳು.

"ಆನೆ ಒಂದೇ ಓಡಾಡಿದ್ರೆ ಆಗಲ್ಲ ಮರಿ. ನಿನ್ನ ರಾಜನೂ ನಡೀಬೇಕು. ನೋಡು, ಆನೆ ಗೋಡೆ ಕಟ್ಟುತ್ತೆ. ರಾಜ ಎದುರಿಗೆ ಬಂದು ನಿಲ್ತಾನೆ. ಗೋಡೆ ಒಂದು ಹೆಜ್ಜೆ ಮುಂದೆ." ಹತ್ತಾರು ನಡೆಗಳಲ್ಲಿ ಎದುರಿನ ರಾಜ ಮೂಲೆಯಲ್ಲಿ ಉಸಿರು ಕಟ್ಟಿ ನಿಂತ. ಕಿಟಕಿಯಲ್ಲಿದ್ದ ಕ್ಯಾಲ್ಕುಲೇಟರ್ ಕೂಡ ಬಾಯಿ ತೆರೆದಳು.

"ನಿಂಗೆ ಚೆಸ್ ಬರುತ್ತಾ?" ಮೇಷ್ಟ್ರು ಬ್ಯಾಗು ಹಿಡಿದುಕೊಂಡೇ ಕೇಳಿದರು.

"ಒಂದೂವರೆ ವರ್ಷದಲ್ಲಿ ನೀವು ಕೇಳೇ ಇಲ್ಲ. ನಾನಿರೋದು ಮೂಳೆ ವಾರ್ಡಲ್ಲಿ. ಕಾಲಿಗೆ ತೂಕ ಕಟ್ಟಿಸ್ಕೊಂಡು ತಿಂಗಳುಗಟ್ಟಲೆ ಮಲಗಿರೋರಿಗೆ ಬೇರೆ ಏನ್ ಕೆಲಸ? ಎಲ್ಲರೂ ಕಲಿಸಿದ್ರು."

ಹೆಡ್ ಮಿಸ್ ಆಗಲೇ ಕುರ್ಚಿ ಎಳೆದುಕೊಂಡು ಕೂತಾಗಿತ್ತು. ಮುಖದಲ್ಲಿ ಆ ನಗು ಅರಳಿತ್ತು.

"ಅಮ್ಮಾ, ನಿಮಗೆ ಶನಿವಾರ ಬಿಡುವಿರುತ್ತಾ?"

"ಪೂರ್ತಿ ರಜಾ ಮೇಡಂ. ಬಸ್ ಇಳಿದು ನೇರ ಇಲ್ಲಿಗೇ ಬರ್ತೀನಿ. ಪಂದ್ಯ ಇದ್ದ ದಿನ ಬೆಳಗಿನ ಮೊದಲನೇ ಬಸ್ಸಿಗೇ ಹೊರಡ್ತೀನಿ. ಈ ನಾಲ್ವರನ್ನೂ ಫೈನಲ್‌ಗೆ ಕರ್ಕೊಂಡು ಹೋಗದಿದ್ರೆ ಕೇಳಿ."

"ಭಾನುವಾರ?" ಆಕಳಿಕೆ ಆಸೆಯಿಂದ ಕೇಳಿದ.

"ಬಸ್ ಎಂಟಕ್ಕಲ್ವಾ? ಆರಕ್ಕೆ ನಮ್ಮನೆಗೆ ಬನ್ನಿ. ಎಲ್ಲರೂ."

ಮಕ್ಕಳು ಕುಣಿದಾಡಿದರು. ಭೂಗೋಳದ ಮೇಷ್ಟ್ರು ಎಂಟು ಶನಿವಾರಗಳನ್ನು ಮನಸ್ಸಿನಲ್ಲೇ ಎಣಿಸಿ, ಅವುಗಳ ಜೊತೆಗೆ ಈಗ ಎಂಟು ಭಾನುವಾರಗಳನ್ನೂ ಸೇರಿಸಿಕೊಂಡರು. ಆದರೂ ಹೆಂಡತಿ ಕಣ್ಣಳತೆಯಲ್ಲೇ ಇರುತ್ತಾಳಲ್ಲ ಎಂದು ಸಮಾಧಾನ ತಂದುಕೊಂಡು, ಬ್ಯಾಗು ಹಿಡಿದುಕೊಂಡೇ ಅವಳ ಹತ್ತಿರ ಹೋಗಿ ನಿಂತರು. ಅವಳು ಬೋರ್ಡಿನಿಂದ ತಲೆ ಎತ್ತಲಿಲ್ಲ.

"ಸ್ವಲ್ಪ ಆಚೆ ನಿಂತ್ಕೊಳ್ಳಿ ರೀ," ಅಂದಳು. "ಹುಡುಗನಿಗೆ ಬೆಳಕು ಬೀಳ್ತಿಲ್ಲ."