ಎರಡು ಮೊಳ ತಾಮ್ರದ ತಂತಿ

ಪಿಎಚ್‌.ಡಿ. ಕೈಗೆ ಬಂದೇಬಿಟ್ಟಿತು ಎಂಬ ಧೈರ್ಯದಲ್ಲಿ ನಾನು ಚನ್ನರಾಯಪಟ್ಟಣಕ್ಕೆ ಹೋಗಿ, ನನ್ನ ಹೆಸರಿನ ಮುಂದೆ 'ಡಾ.' ಎಂದು ಕೆತ್ತಿಸಿದ ಹಿತ್ತಾಳೆ ಬೋರ್ಡ್ ತಂದೆ. ಅಂತಿಮ ಪರೀಕ್ಷೆಗೆ ಇನ್ನೂ ನಾಲ್ಕು ದಿನ ಇತ್ತು. ಒಂಬತ್ತು ವರ್ಷ ಒದ್ದಾಡಿದವನಿಗೆ ನಾಲ್ಕು ದಿನ ಯಾವ ಮಹಾ!

ನಾನು ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ನನ್ನ ಸಂಶೋಧನೆ ಟೆರಾಹರ್ಟ್ಜ್ ಅಲೆಗಳ ಮೇಲೆ. ಇವು ರೇಡಿಯೋ ಅಲೆಗೂ ಬೆಳಕಿಗೂ ನಡುವಿನವು, ಹೇಳಿದ ಮಾತು ಕೇಳುವಂಥವಲ್ಲ. ಆದರೆ ಲೋಹದ ಮೇಲ್ಮೈಯ ಎಲೆಕ್ಟ್ರಾನುಗಳ ಜೊತೆ ಸೇರಿಸಿಬಿಟ್ಟರೆ ಲೋಹಕ್ಕೇ ಅಂಟಿಕೊಂಡು ಸಾಗುತ್ತವೆ. ಹಾಗೆ ಸಾಗಿಸುವ ಸಾಧನಕ್ಕೆ ಪ್ಲಾಸ್ಮಾನಿಕ್ ವೇವ್‌ಗೈಡ್ ಎಂದು ಹೆಸರು. ನೋಡಲು ಮಾತ್ರ ಎರಡು ಮೊಳ ತಾಮ್ರದ ತಂತಿ.

ಈ ಅಲೆಗೆ ನೀರು ಕಂಡರಾಗದು, ಗಾಳಿಯ ತೇವಕ್ಕೇ ಸೊರಗುತ್ತದೆ. ಅದಕ್ಕೇ ನಾನು ಹೊಳೆನರಸೀಪುರ, ಅರಕಲಗೂಡಿನ ಚಪ್ಪಲಿ ಅಂಗಡಿಗಳನ್ನೆಲ್ಲ ಸುತ್ತಿ, ಹೊಸ ಬೂಟಿನ ಡಬ್ಬಿಯಲ್ಲಿ ತೇವ ಹೀರಲು ಇಡುವ ಪುಟ್ಟ ಪೊಟ್ಟಣಗಳನ್ನು ಬೇಡಿ ತಂದು ಪ್ರಯೋಗಾಲಯದ ತುಂಬ ಹರಡಿದೆ.

"ಏನ್ರೀ, ಚಪ್ಪಲಿ ತಗೊಳ್ದೆ ಬರೀ ಪೊಟ್ಟಣ ಕೇಳಿದ್ರಂತೆ? ಅರಕಲಗೂಡಿಂದ ಚಿಕ್ಕಮ್ಮ ಫೋನ್ ಮಾಡಿದ್ರು, ಮನೇಲಿ ಎಲ್ಲಾ ಸರಿಯಾಗಿದೆಯಾ ಅಂತ!" ಎಂದಳು ಹೆಂಡತಿ ಗಿರಿಜ.

"ವಿಜ್ಞಾನಕ್ಕೆ ನಾಚಿಕೆ ಇಲ್ಲ ಕಣೇ" ಎಂದೆ. ನನಗೂ ಇರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಶಾಂತಿಗ್ರಾಮದಿಂದ ಮಾವ ಬಂದರು. ಬೇಸಾಯದವರು. ಕೂತಲ್ಲಿ ಕೂರಲಾರದೆ ನಾನು ಹಾಲ್‌ನಲ್ಲಿ ಶತಪಥ ಹಾಕುತ್ತಲೇ ಅವರಿಗೆ ಎಲ್ಲವನ್ನೂ ವಿವರಿಸಿದೆ. ಕಳಿಸುವ ಯಂತ್ರ ಈ ಕಡೆ, ಹಿಡಿಯುವ ಯಂತ್ರ ಎದುರಿಗೆ ಆ ಕಡೆ, ನಡುವೆ ತಂತಿ!

"ತಂತಿ ಎತ್ಬುಟ್ಟು ನೋಡಿದ್ರಾ ಅಳಿಯಂದ್ರೇ?"

"ಯಾಕೆ ಮಾವ?"

"ತ್ವಾಟಕ್ಕೆ ಒಸಾ ಪೈಪ್ ಎಳುದ್ರೆ ನಾನು ವಾಲ್ ಮುಚ್ಚಿ ಒಂದಿನ ನೋಡ್ತೀನಿ ಕಣ್ರೀ. ನೆಲ ಒದ್ದೆ ಆಗಿರಾದು ಪೈಪಿಂದ್ಲೋ ಕಾಲ್ವೆ ನೀರು ಜಿನುಗೋ, ಗೊತ್ತಾಗ್ಬ್ಯಾಡ್ವಾ?"

ನಾನು ಮುಗುಳ್ನಕ್ಕೆ. ಪಾಪ, ಮಾವನಿಗೆ ಟೆರಾಹರ್ಟ್ಜ್ ಏನು ಗೊತ್ತು!

ಮರುದಿನ ಜಡಿಮಳೆ. ಮೈಸೂರಿನಿಂದ ಬಂದ ಪರೀಕ್ಷಕರು ಪ್ರಯೋಗಾಲಯದೊಳಗೆ ಕಾಲಿಡುತ್ತಲೇ ಅವರ ಕೈಯಿಂದ ಒದ್ದೆ ಕೊಡೆ ಕಿತ್ತುಕೊಂಡು ಕಾರಿಡಾರಿಗೆ ಎಸೆದೆ. ಅವರಿಗೆಂದು ಬಂದ ಕಾಫಿಯನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದೆ. ಹಬೆ ಏಳುತ್ತಿತ್ತಲ್ಲ!

"ಸಾರ್, ದಯವಿಟ್ಟು ತಂತಿಯ ಹತ್ತಿರ ಉಸಿರು ಬಿಡಬೇಡಿ."

"ಎಷ್ಟು ಹೊತ್ತು?" ಎಂದು ಅವರು ಶಾಂತವಾಗಿಯೇ ಕೇಳಿದರು.

ಸ್ವಿಚ್ ಒತ್ತಿದೆ. ಪರದೆಯ ಮೇಲೆ ಗೆರೆ ಛಂಗನೆ ಎದ್ದಿತು! ಅಲೆ ತಲುಪಿತ್ತು! ಬಾಗಿಲಿಗೆ ಬೋರ್ಡ್ ಹೊಡೆಯುವ ಸದ್ದು ಆಗಲೇ ನನ್ನ ಕಿವಿಗೆ ಬಿತ್ತು.

"ಚೆನ್ನಾಗಿದೆ" ಎಂದರು ಪರೀಕ್ಷಕರು. "ಈಗ ಆ ತಂತಿ ತೆಗೀರಿ."

ನನ್ನ ಬಾಯಿ ಒಣಗಿತು. ಅಷ್ಟೂ ಪೊಟ್ಟಣ ಸೇರಿದರೂ ಕೋಣೆಯನ್ನು ಅಷ್ಟು ಒಣಗಿಸಿರಲಿಲ್ಲ. ತಂತಿ ತೆಗೆದೆ. ಗೆರೆ ಬೀಳಲಿಲ್ಲ. ಬೀಳುವುದಿರಲಿ, ಇನ್ನೊಂದು ಚೂರು ಮೇಲೆದ್ದಿತು!

ಯಂತ್ರಗಳೆರಡೂ ಎದುರುಬದುರು ಇದ್ದವಲ್ಲ, ಅಲೆ ಗಾಳಿಯಲ್ಲೇ ನೆಟ್ಟಗೆ ಹೋಗುತ್ತಿತ್ತು. ನನ್ನ ತಂತಿ ಅದಕ್ಕೆ ದಾರಿಯಾಗಿರಲಿಲ್ಲ, ಅಡ್ಡವಾಗಿತ್ತು. ಒಂಬತ್ತು ವರ್ಷ! ನಿಜಕ್ಕೂ ಅಳು ಬಂತು. ತಂತಿ ಇನ್ನೂ ಕೈಯಲ್ಲೇ ಇದ್ದುದರಿಂದ, ಒದ್ದೆಯಾದೀತೆಂದು ಅಭ್ಯಾಸಬಲದಿಂದ ತಡೆದುಕೊಂಡೆ.

"ಅಲೆ ತಂತಿಯಲ್ಲೇ ಬರುತ್ತದೆ ಅಂತ ಮೊದಲು ಸಾಬೀತು ಮಾಡಿ. ಆರು ತಿಂಗಳು ಬಿಟ್ಟು ಬರ್ತೀನಿ" ಎಂದ ಪರೀಕ್ಷಕರು, ಕೊಡೆ ಹುಡುಕಿಕೊಂಡು ಹೊರಟರು.

ಮನೆಯಲ್ಲಿ ಮಾವ ಕಾಯುತ್ತಿದ್ದರು. ನಡೆದದ್ದನ್ನು ಹೇಳಿದೆ.

"ತಂತಿ ಇಲ್ದೇನೂ ಓಯ್ತದಾ? ಅಂಗಾರೆ ಇನ್ನೂ ಒಳ್ಳೇದಾಯ್ತಲ್ಲ ಅಳಿಯಂದ್ರೇ!" ಎಂದು ಅವರು ಮನಃಪೂರ್ವಕವಾಗಿ ಸಂತೋಷಪಟ್ಟರು.

ಹಿತ್ತಾಳೆ ಬೋರ್ಡ್ ಈಗ ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ. ನಾನು ಹೊಸ ತಂತಿಯೊಂದಿಗೆ ಹೊಸದಾಗಿ ಶುರು ಮಾಡಿದ್ದೇನೆ. ಹಳೆಯದನ್ನು ಗಿರಿಜ ಬಚ್ಚಲುಮನೆಯ ಪಕ್ಕದ ಎರಡು ಮೊಳೆಗಳ ನಡುವೆ ಬಿಗಿದಿದ್ದಾಳೆ. ಅದರ ಮೇಲೆ ನನ್ನ ಎರಡು ಒದ್ದೆ ಬನಿಯನ್‌ಗಳು ನೇತಾಡುತ್ತವೆ. ಅಲ್ಲಿ ಮಾತ್ರ, ತಂತಿ ತೆಗೆದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.